ಅಂಚು ಒಡೆದ ನೀಲಿ ಮಣಿ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ಸುಳ್ಳು ಹೇಳಬಾರದು, ಯಾವುದಕ್ಕೂ ಮೊದಲು ಕಾರಣ ಹುಡುಕಬೇಕು ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಈ ಸಂಗತಿಗೆ ಎರಡು ವರ್ಷದಿಂದ ಕಾರಣ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸುಳ್ಳಂತೂ ಹೇಳುತ್ತಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಳೆಯ ಮಣಿ ಕೂಡಿಸುವುದು ನನ್ನ ಹುಚ್ಚು. ಒಂದು ಕಾಲದಲ್ಲಿ ಹಡಗಿನಲ್ಲಿ ಬಂದು ಮೆಣಸಿಗೋ ಬಟ್ಟೆಗೋ ಬದಲಾಗಿ ಕೈಸೇರಿದ ಗಾಜಿನ ಮಣಿಗಳು, ಗುಜರಾತಿನ ಖಂಬಾತದ ಕೆಂಪುಕಲ್ಲಿನ ಮಣಿಗಳು. ಪುಣೆಯ ಕೋಥರೂಡದ ನಮ್ಮ ಫ್ಲ್ಯಾಟಿನಲ್ಲಿ ಮಸಾಲೆ ಡಬ್ಬಿಗಿಂತ ಮಣಿಯ ಡಬ್ಬಿಗಳೇ ಹೆಚ್ಚು. ಈ ಹುಚ್ಚು ಹತ್ತಿದ್ದು ಅವ್ವನ ಕೊರಳಿನಿಂದ. ಅವಳ ಅಜ್ಜಿಯಿಂದ ಬಂದ ಆ ಸರದಲ್ಲಿ ಇಪ್ಪತ್ತೊಂದು ನೀಲಿ ಮಣಿಗಳು, ಮೈತುಂಬ ಬಿಳಿ ಗೆರೆ. ನಾನು ಕೂಸಾಗಿದ್ದಾಗ ಒಮ್ಮೆ ಅದನ್ನು ಜಗ್ಗಿ ಹರಿದಿದ್ದೆನಂತೆ. ಒಂದು ಮಣಿ ನೆಲದ ಕಲ್ಲಿಗೆ ಬಡಿದು ಅದರ ಅಂಚು ಉಗುರಿನಷ್ಟು ಒಡೆದಿತ್ತು. ಅವ್ವ ಅದನ್ನು ‘ಸಣ್ಣಾಕಿ ಮಣಿ’ ಎನ್ನುತ್ತಿದ್ದಳು. ಸಣ್ಣಾಕಿ ಅಂದರೆ ನಾನು.

ಆರು ವರ್ಷದ ಹಿಂದೆ, ಧನಕವಡಿಯ ಅಕ್ಕನ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ನಾನು ಅವಳ ಮೈ ಒರೆಸುತ್ತಿದ್ದಾಗ ಸರ ಮತ್ತೆ ಹರಿಯಿತು. ಹಾಸಿಗೆ ಕೊಡವಿದೆವು, ಕಪಾಟು ಸರಿಸಿದೆವು, ಬಚ್ಚಲಿನ ಜಾಳಿಗೆಯನ್ನೂ ಎತ್ತಿ ನೋಡಿದೆವು. ಇಪ್ಪತ್ತು ಸಿಕ್ಕವು. ಸಿಗದೆ ಹೋದದ್ದು ಸಣ್ಣಾಕಿ ಮಣಿಯೇ.

“ಮಣಿ ಹುಚ್ಚಿನಾಕಿ ಕೈಯಾಗಿಂದ ಮಣಿ ಎಲ್ಲಿ ಹೋಗ್ತದ? ನಿನ್ನ ಪರ್ಸ್ ಒಂದ್ಸಲ ಝಾಡಿಸಿ ನೋಡ್ಕೋ,” ಎಂದಳು ಅಕ್ಕ.

ನಾನು ದೇವರ ಆಣೆ ಇಟ್ಟೆ. ಅವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. “ಬೇಕಿದ್ರ ಕೇಳಬೇಕಿತ್ತವ್ವಾ, ಕೊಡ್ತಿದ್ನಲ್ಲ,” ಎಂದು ಗೋಡೆಯ ಕಡೆ ಹೊರಳಿದಳು. ನಾಲ್ಕನೆಯ ದಿನ ತೀರಿಕೊಂಡಳು. ಆ ನಾಲ್ಕು ದಿನವೂ ನನ್ನ ಕೈಯಿಂದ ಗಂಜಿ ಕುಡಿದಳು, ಮುಖ ಮಾತ್ರ ನೋಡಲಿಲ್ಲ.

ಇನ್ನು ಹಳೆ ಸಾಮಾನಿನ ಪೇಟೆ ಜುನಾ ಬಾಜಾರದ ಚಾಚಾ. ಮಣಿ ಮಾರುವ ಮುದುಕರು, ವಿಜಾಪುರದ ಕಡೆಯವರು. “ಬರ್ರಿ ಬಾಯಾರ, ಮಣಿ ನೋಡಾಕ ಬಂದೀರೋ, ನನ್ನ ಚಾ ಕುಡ್ಯಾಕ ಬಂದೀರೋ?” ಎಂದು ನನ್ನನ್ನು ಚುಡಾಯಿಸುತ್ತಿದ್ದರು. ಅವರ ತಲೆಯ ಮೇಲೆ ಮೊಳೆಗೆ ಒಂದು ಸರ ತೂಗುತ್ತಿತ್ತು, ಧೂಳು ಹಿಡಿದು ಮಣ್ಣಿನ ಬಣ್ಣವಾದದ್ದು. ಅಂಗಡಿ ಇಟ್ಟ ದಿನ ಪೋಣಿಸಿದ ಮೊದಲ ಸರವನ್ನು ಮಾರಬಾರದು, ಬಿಚ್ಚಬಾರದು ಎಂಬುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ನಾನು ಕೇಳಿದಾಗಲೆಲ್ಲ, “ಅದು ಅಂಗಡಿ ತಾಳಿ ಇದ್ದಂಗ್ರಿ. ನಿಮ್ಮ ತಾಳಿ ಕೊಡ್ತೀರೇನು?” ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿ ಊರಿಗೆ ಹೊರಟ ದಿನ ಅದನ್ನು ಇಳಿಸಿ ನನ್ನ ಕೈಯಲ್ಲಿಟ್ಟರು. ದುಡ್ಡು ಮುಟ್ಟಲಿಲ್ಲ.

ಮನೆಗೆ ಬಂದು, ಕುಕ್ಕರ್ ಏರಿಸಿ, ಸರವನ್ನು ಉಗುರುಬೆಚ್ಚಗಿನ ಸೀಗೆಕಾಯಿ ನೀರಿನಲ್ಲಿ ನೆನೆಹಾಕಿದೆ. ದಾರದ ಗಂಟು ಎಣ್ಣೆಜಿಡ್ಡಿನಿಂದ ಕಲ್ಲಾಗಿತ್ತು, ಕತ್ತರಿಯಿಂದಲೇ ತುಂಡರಿಸಬೇಕಾಯಿತು. ಬಿಳಿ ನರದ ಎರಡು ಕೆಂಪುಕಲ್ಲುಗಳ ನಡುವೆ ಧೂಳು ಮೆತ್ತಿ ಕಂದು ಉಂಡೆಯಾಗಿದ್ದ ಮಣಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಮೊದಲು ನೀಲಿ ಕಂಡಿತು. ಆಮೇಲೆ ಬಿಳಿ ಗೆರೆ. ಕೊನೆಗೆ ನನ್ನ ಹೆಬ್ಬೆರಳಿನ ಉಗುರು ತಾನಾಗಿಯೇ ಒಡೆದ ಅಂಚಿನೊಳಗೆ ಹೋಗಿ ಕೂತಿತು. ಅಂದು ಬೇಳೆ ತಳ ಹತ್ತಿ ಮನೆಯೆಲ್ಲ ಹೊಗೆಯಾದರೂ ನನಗೆ ಗೊತ್ತಾಗಲಿಲ್ಲ.

ಬಹುಕಾಲ ಒಂದೇ ಸರದಲ್ಲಿದ್ದ ಮಣಿಗಳು ಒಂದನ್ನೊಂದು ಸವೆಸುತ್ತವೆ. ಒಂದರ ತಗ್ಗಿನಲ್ಲಿ ಪಕ್ಕದ್ದರ ಉಬ್ಬು ಕೂಡುತ್ತದೆ. ಬೇರೆ ಮಣಿ ತಂದಿಟ್ಟರೆ ಅಲ್ಲಾಡುತ್ತದೆ. ಮರುದಿನ ಅಕ್ಕನ ಮನೆಗೆ ಹೋಗಿ, ಅವಳ ಡಬ್ಬಿಯಲ್ಲಿದ್ದ ಇಪ್ಪತ್ತನ್ನೂ ಟವೆಲಿನ ಮೇಲೆ ಹರಡಿ ಒಂದೊಂದಾಗಿ ಹೊಂದಿಸಿ ನೋಡಿದೆ. ಎರಡು ಮಣಿಗಳ ನಡುವೆ ಅದು ಚೂರೂ ಕದಲದಂತೆ ಕೂತಿತು. ಹುಚ್ಚು ಹಿಡಿಯುವಷ್ಟು ಸಂತೋಷವಾಯಿತು. ಈಗಲಾದರೂ ಅಕ್ಕ ನನ್ನ ಕೈ ಹಿಡಿಯುತ್ತಾಳೆ ಎಂದುಕೊಂಡೆ.

“ಅಂತೂ ತಂದಿ. ಅವ್ವ ಇದ್ದಾಗ ತಂದಿದ್ರ ನಿಂದೇನ ಸವೀತಿತ್ತು?” ಎಂದಳು.

ಚಾಚಾನ ವಿಷಯ ಹೇಳಿದೆ. “ಕಥಿ ಛಲೋ ಅದ,” ಎಂದಳು. ಫೋನು ತೆಗೆದು ಎಂಟು ವರ್ಷದ ಹಿಂದೆ ಆ ಅಂಗಡಿಯಲ್ಲಿ ನಾನು ತೆಗೆದ ಫೋಟೋ ತೋರಿಸಿದೆ. ಅದೇ ಸರ, ಅದೇ ಬಿಳಿ ನರದ ಎರಡು ಕೆಂಪುಕಲ್ಲು, ನಡುವೆ ಅದೇ ಉಂಡೆ. ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, “ಇದರಾಗ ಧೂಳ ಬಿಟ್ಟು ಏನ ಕಾಣ್ತದ?” ಎಂದು ಫೋನು ವಾಪಸು ಕೊಟ್ಟಳು.

ಅಂಗಡಿಯ ಆ ಫೋಟೋ ತೆಗೆದ ವಾರವೇ ತೆಗೆದ ಇನ್ನೊಂದು ಫೋಟೋ ನನ್ನಲ್ಲಿದೆ. ಅವ್ವ ನಮ್ಮ ಬಾಲ್ಕನಿಯಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾಳೆ. ಕೊರಳಲ್ಲಿ ಇಪ್ಪತ್ತೊಂದು ಮಣಿ. ಒಡೆದ ಅಂಚಿನದು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಅಕ್ಕನಿಗೆ ತೋರಿಸಲಿಲ್ಲ. ಒಂದೇ ಮಣಿ ಒಂದೇ ವಾರ ಎರಡು ಕಡೆ ಇತ್ತು ಎಂದು ಯಾವ ಬಾಯಿಂದ ಹೇಳಲಿ?

ಅಕ್ಕ ಸರವನ್ನು ಪೋಣಿಸಿಕೊಂಡು ಈಗ ಹಬ್ಬ ಮುಂಜಿಗಳಿಗೆ ಹಾಕುತ್ತಾಳೆ. “ತಂಗಿ ಕಡೀಕ ತಂದುಕೊಟ್ಳು, ಪಾಪ,” ಎಂದು ಕೇಳಿದವರಿಗೆಲ್ಲ ಹೇಳುತ್ತಾಳೆ. ಅವರು ನನ್ನನ್ನು ಕ್ಷಮಿಸಿದವರಂತೆ ನೋಡುತ್ತಾರೆ. ಅನುಮಾನವನ್ನಾದರೂ ಸಹಿಸಬಹುದಿತ್ತು, ಈ ಕ್ಷಮೆಯನ್ನಲ್ಲ.

ಅವ್ವನೇ ಕಳಿಸಿರಬೇಕು ಎಂದು ಒಂದೊಂದು ಸಲ ಅನ್ನಿಸುತ್ತದೆ. ಹಾಗಿದ್ದರೆ ಅಕ್ಕನ ಕಪಾಟಿನ ಕೆಳಗೇ ಸಿಗುವಂತೆ ಮಾಡಬಹುದಿತ್ತಲ್ಲ. ನನ್ನ ಕೈಯಲ್ಲೇ ಏಕೆ ಕಳಿಸಿದಳು?