ಹಾಜರಿ ಕರೆದ ಕಂಪ್ಯೂಟರ್ ಸರ್

ಶಹಾಪುರದಲ್ಲಿ ಹತ್ತಿ ವ್ಯಾಪಾರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸಿದ ಸರ್, ಯಾರದಾದರೂ ಫೈಲ್ ತೆರೆಯುವ ಮೊದಲು ಬಾಗಿಲು ಬಡಿದಂತೆ ಮೇಜನ್ನು ಬೆರಳಿನಿಂದ ಬಡಿಯುತ್ತಿದ್ದರು. ಎಲ್ಲವನ್ನೂ ಒಂದೇ ಫೈಲಿಗೆ ತುರುಕಿದರೆ ಅವರಿಗೆ ಆಗುತ್ತಿರಲಿಲ್ಲ. “ಒಬ್ಬರ ಮನ್ಯಾಗ ಊರಿನವರೆಲ್ಲಾ ಅಡಗಿ ಮಾಡಬಾರದ್ರಪಾ. ಒಂದು ಕೆಲಸಕ್ಕ ಒಂದು ಫೈಲ್,” ಎನ್ನುತ್ತಿದ್ದರು.

ನಾವೆಲ್ಲ ಸೇರಿ ಹಾಜರಿಯ ಪ್ರಾಜೆಕ್ಟ್ ಕಟ್ಟಿದೆವು. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಒಂದು ಫೈಲ್. ಹೆಸರು ಕರೆದರೆ ಪರದೆಯ ಮೇಲೆ ‘ಬಂದೀನ್ರಿ ಸರ್’ ಎಂದು ಮೂಡಬೇಕು. ಆ ಉತ್ತರ ಕೊಡುವ ಭಾಗವನ್ನು ಕೆಂಭಾವಿಯಿಂದ ಬರುತ್ತಿದ್ದ ಹುಡುಗಿ ತನ್ನ ಫೈಲಿನಲ್ಲಿ ಬರೆದಿದ್ದಳು. ಉಳಿದವರೆಲ್ಲ ಅದನ್ನೇ ಬಳಸಿಕೊಂಡೆವು.

ಅವಳು ಜ್ವರ ಬಂದು ತೀರಿಕೊಂಡಳು. ಮತ್ತೆ ಕ್ಲಾಸ್ ಸೇರಿದ ದಿನ ಸರ್ ಪ್ರಾಜೆಕ್ಟ್ ಓಡಿಸಿದರು. ಅವಳ ಹೆಸರಿನ ಮುಂದೆಯೂ ‘ಬಂದೀನ್ರಿ ಸರ್’ ಬಂತು.

“ಅಂಜಿಕಿ ಬರ್ತದ್ರಿ ಸರ್, ಅಕಿ ಫೈಲ್ ತೆಗೀರಿ,” ಎಂದಳು ಅವಳ ಪಕ್ಕ ಕೂರುತ್ತಿದ್ದ ಗೆಳತಿ.

ಸರ್ ಮೇಜು ಬಡಿದು, ಫೈಲ್ ತೆಗೆದು, ಮತ್ತೆ ಓಡಿಸಿದರು. ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ಉತ್ತರ ಕೊಡುವವಳೇ ಹೋದ ಮೇಲೆ ನಮ್ಮಲ್ಲಿ ಒಬ್ಬರೂ ಬಂದಿರಲಿಲ್ಲ.

“ಆ ಭಾಗ ಬ್ಯಾರೆ ಫೈಲಿಗೆ ಹಾಕಬಹುದಲ್ರಿ?” ಎಂದೆ ನಾನು.

“ಹಾಕಬಹುದು,” ಎಂದರು ಸರ್. ಆದರೆ ಅವಳ ಫೈಲನ್ನೇ ವಾಪಸು ಇಟ್ಟು, ಮತ್ತೆ ಓಡಿಸಿದರು.

ಹೆಸರುಗಳು ಒಂದೊಂದಾಗಿ ಬಂದವು. ಅವಳದು ಬಂದಾಗ, ಪರದೆಯಿಂದ ತಲೆ ಎತ್ತದೆ, “ಕುಂದ್ರವ್ವಾ,” ಎಂದರು.

ಗೆಳತಿ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಚೀಲವನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.