ಸುಮಂಗಲಾಳ ಮುಯ್ಯಾಳುಗಳು

ಸಿರುಗುಪ್ಪದ ಈರಮ್ಮನ ಮಗಳು ಸುಮಂಗಲಾ ಊರಿಗೆ ಬಂದರೆ ಯಾರು ಸಿಕ್ಕರೂ ಕೇಳುವುದು ಒಂದೇ ಮಾತು: "ಇನ್ನೂ ಓದು ಮುಗಿದಿಲ್ಲೇನವ್ವ?" ಪಿಎಚ್‌ಡಿ ಮುಗಿದು ನಾಲ್ಕು ವರ್ಷವಾಯಿತು, ಈಗ ಮಾಡುತ್ತಿರುವುದು ನಕ್ಷತ್ರಗಳ ಸಂಶೋಧನೆ, ಅದಕ್ಕೆ ವಿಶ್ವವಿದ್ಯಾಲಯ ಫೆಲೋಶಿಪ್ ಕೊಡುತ್ತದೆ ಎಂದು ಮೊದಮೊದಲು ಆಕೆ ಬಿಡಿಸಿ ಹೇಳುತ್ತಿದ್ದಳು. ಈಗ "ಇಲ್ರಿ, ನಂದು ಸ್ವಲ್ಪ ನಿಧಾನ" ಎಂದು ನಕ್ಕು ಮುಂದೆ ಹೋಗುತ್ತಾಳೆ. ಕೇಳಿದವರಿಗೂ ಸಮಾಧಾನ, ಆಕೆಗೂ ಬಾಯಿನೋವಿಲ್ಲ.

ನಿಧಾನ ಅನ್ನುವುದು ಮಾತ್ರ ಶುದ್ಧ ಸುಳ್ಳು. ಕುರುಗೋಡಿನಲ್ಲಿ ಸೋದರತ್ತೆ ಹಂಪಕ್ಕನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಕೆಳಗೆ ಹಗಲೆಲ್ಲ ಜೀನ್ಸ್ ಹೊಲಿಯುವ ಮಷೀನುಗಳು ಗುಡುಗುಡು ಅನ್ನುವ ಬಾಡಿಗೆ ಕೋಣೆಯಲ್ಲಿ ಕೂತು ಎಂಎಸ್ಸಿ ಓದಿದಳು. ಸದ್ದಿನಲ್ಲಿ ಓದಿದವಳಿಗೆ ಸದ್ದು ಸೋಸುವ ಕೆಲಸವೇ ಗಂಟುಬಿತ್ತು. ಸತ್ತ ನಕ್ಷತ್ರಗಳಿಂದ ಬರುವ ಸಣ್ಣ ರೇಡಿಯೊ ಮಿಡಿತದ ಜೊತೆ ಮೊಬೈಲ್ ಟವರು, ವಿಮಾನಗಳ ಗಲಾಟೆಯೂ ದೂರದರ್ಶಕಕ್ಕೆ ಸಿಕ್ಕಿಬೀಳುತ್ತದೆ. ಆ ಗಲಾಟೆ ತೆಗೆದು ಮಿಡಿತವನ್ನಷ್ಟೇ ಉಳಿಸುವುದರಲ್ಲಿ ಆಕೆಯದು ಎತ್ತಿದ ಕೈ. ಜೊತೆಯ ಸಂಶೋಧಕರೆಲ್ಲ ತಮ್ಮ ತಮ್ಮ ಮಾಹಿತಿಯ ರಾಶಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಯಾರಿಗೂ ಆಕೆ ಇಲ್ಲ ಅಂದವಳಲ್ಲ.

ಈ ಬುದ್ಧಿ ಅವ್ವನಿಂದ ಬಂದದ್ದು. ಕಾಲುವೆಗೆ ನೀರು ಬಿಟ್ಟ ಮೇಲೆ ಈರಮ್ಮ ಮತ್ತು ಅವಳ ಗೆಳತಿಯರು ಮುಯ್ಯಾಳಾಗಿ ನೆಲ್ಲಿನ ಸಸಿ ಹಚ್ಚುತ್ತಾರೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಯಾರ ಸಸಿ ಬಲಿತಿದೆಯೋ ಅವರದು ಮೊದಲು. ಕೂಲಿಯ ಮಾತೇ ಇಲ್ಲ. ಆದರೆ ಮುಯ್ಯಿ ತೀರಿಸದವಳು ಮರುವರ್ಷ ಆ ಹೆಂಗಸರಿಗೆ ಮುಖ ತೋರಿಸುವ ಹಾಗಿಲ್ಲ.

ಈಗ ಆ ಬುದ್ಧಿಯೇ ಅಡ್ಡ ಬಂದಿತ್ತು. ದೂರದ ಒಂದು ವಿಶ್ವವಿದ್ಯಾಲಯ ಮೂರು ವರ್ಷದ ಹೊಸ ಫೆಲೋಶಿಪ್ಪಿಗೆ ಆಕೆಯನ್ನು ಸಂದರ್ಶನಕ್ಕೆ ಕರೆದಿತ್ತು. ಪಿಎಚ್‌ಡಿಯಾಗಿ ಐದು ವರ್ಷ ದಾಟಿದವರು ಅರ್ಜಿ ಹಾಕುವಂತಿಲ್ಲ, ಹಾಗಾಗಿ ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ನಕ್ಷತ್ರಗಳ ಸಹವಾಸ ಮುಗಿದಂತೆ. ಬೇರೆಯವರ ಪ್ರಬಂಧಗಳಲ್ಲಿ ಅವಳ ಹೆಸರು ನಾಲ್ಕನೆಯದೋ ಐದನೆಯದೋ ಆಗಿ ಬೇಕಾದಷ್ಟು ಕಡೆ ಇತ್ತು, ತನ್ನದೇ ಎನ್ನುವ ಪ್ರಬಂಧಗಳು ಮಾತ್ರ ಎರಡೇ. "ಬೇರೆಯವರಿಗೆ ಮಾಡಿಕೊಟ್ಟ ಕೆಲಸದ ಸುದ್ದಿಯನ್ನೇ ಎತ್ತಬೇಡ" ಎಂದು ಹಳೆಯ ಗೈಡು ಫೋನು ಮಾಡಿ ಹೇಳಿದ್ದರು.

ಇದನ್ನು ಕೇಳಿ ಈರಮ್ಮ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. "ನಾ ಕಲಿಸಿದ್ದ ನಿನಗ ಮುಳುವಾತೇನವ್ವ?"

"ಯಾಕ ಮುಳುವಾಗ್ತತಿ? ಸುಮ್ನಿರು."

ಸಂದರ್ಶನದ ದಿನವೇ ಅವರ ಗದ್ದೆಯ ಪಾಳಿಯೂ ಬಿತ್ತು. ಆನ್‌ಲೈನ್ ಸಂದರ್ಶನ, ಬಳ್ಳಾರಿಗೆ ಹೋಗಿ ಒಳ್ಳೆಯ ಕೋಣೆಯಲ್ಲಿ ಕೂತು ಮಾತಾಡು ಎಂದು ಅವ್ವ ಬೇಡಿಕೊಂಡಳು. "ಮುಯ್ಯಾಳು ಬಂದ ದಿನ ಮನಿ ಮಗಳು ಗದ್ದ್ಯಾಗ ಇರಬೇಕು ಅಂತ ಹೇಳಿದಾಕಿ ನೀನ" ಎಂದು ಮಗಳು ಅವಳ ಬಾಯಿ ಮುಚ್ಚಿಸಿದಳು.

ಬೆಳಗ್ಗೆ ಒಂದಿಷ್ಟು ನೆಲ್ಲು ಹಚ್ಚಿ, ಕೈ ತೊಳೆದು, ಗದ್ದೆಯ ಬದಿಯ ಮೋಟರ್ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಕಾಲಿನ ಕೆಸರು ಕ್ಯಾಮೆರಾಗೆ ಕಾಣುವಂತಿರಲಿಲ್ಲ, ಹಾಗಾಗಿ ಅದನ್ನು ತೊಳೆಯುವ ಗೋಜಿಗೆ ಹೋಗಲಿಲ್ಲ. ಸಮಿತಿಯ ಅಧ್ಯಕ್ಷೆ ವಯಸ್ಸಾದ ಪ್ರೊಫೆಸರ್. ನೇರವಾಗಿ ವಿಷಯಕ್ಕೆ ಬಂದರು: "ದೂರದರ್ಶಕದ ಹತ್ತು ವರ್ಷದ ಮಾಹಿತಿಯನ್ನೆಲ್ಲ ಮತ್ತೆ ಸೋಸುತ್ತೇನೆ ಎಂದು ಬರೆದಿದ್ದೀರಿ. ನಾವು ಕೊಡುವುದು ಒಬ್ಬರ ಫೆಲೋಶಿಪ್. ಇಷ್ಟು ಕೆಲಸಕ್ಕೆ ಜನ ಎಲ್ಲಿದ್ದಾರೆ?"

ಆ ಹೊತ್ತಿಗೆ ಹೊರಗೆ ಹೆಂಗಸರ ಹಾಡು ಏರಿತು. ಅದೇನು ಸದ್ದು ಎಂದು ಅಧ್ಯಕ್ಷೆ ಕೇಳಿದರು. ಸುಮಂಗಲಾ ಗೈಡಿನ ಮಾತನ್ನು ಗಾಳಿಗೆ ತೂರಿದಳು.

"ನಮ್ಮ ಗದ್ದೆಯಲ್ಲಿ ನಾಟಿ ನಡೆದಿದೆ. ಅವ್ವ ಇವರೆಲ್ಲರ ಗದ್ದೆಗೆ ಹೋಗುತ್ತಾಳೆ, ಅದಕ್ಕೇ ಇವತ್ತು ಇವರು ಬಂದಿದ್ದಾರೆ. ನಾನೂ ನಾಲ್ಕು ವರ್ಷ ಬೇರೆಯವರ ಕೆಲಸಕ್ಕೆ ಹೋಗಿದ್ದೇನೆ. ಈಗ ನನ್ನ ಪಾಳಿ, ಅವರು ಬರುತ್ತಾರೆ."

"ಒಪ್ಪಂದ ಏನಾದರೂ ಬರೆದುಕೊಂಡಿದ್ದೀರಾ?" ಒಬ್ಬ ಸದಸ್ಯರು ನಕ್ಕರು.

"ಇಲ್ಲ. ನನ್ನ ಹೆಸರು ಹಿಂದೆ ಇರುವ ಪ್ರಬಂಧಗಳಲ್ಲಿ ಮೊದಲ ಹೆಸರು ಯಾರದಿದೆಯೋ ನೋಡಿ. ನಿಮಗೆ ಬೇಕಾದವರಿಗೆ ಫೋನು ಮಾಡಿ ಕೇಳಿ."

ಪರದೆ ಆರಿದ ಮೇಲೆ ಆಕೆಗೆ ಅನುಮಾನ ಹತ್ತಿತು. ಗದ್ದೆಯ ಹೆಂಗಸರಿಗೆ ಮರುವರ್ಷದ ಅಂಜಿಕೆಯಾದರೂ ಇದೆ, ಆ ಸಂಶೋಧಕರಿಗೆ ಯಾರ ಅಂಜಿಕೆ? ಒಬ್ಬರೂ ಹೂಂ ಅನ್ನದಿದ್ದರೆ? ಎದ್ದು ಹೋಗಿ ಮತ್ತೆ ಗದ್ದೆಗಿಳಿದಳು. ಸಾಲಿನಲ್ಲಿ ಪಕ್ಕದ ಮನೆಯ ದೊಡ್ಡಬಸಮ್ಮ ಜಾಗ ಬಿಟ್ಟುಕೊಟ್ಟಳು. "ಸೋಮವಾರ ನನ್ನ ಗದ್ದಿ ಐತಿ, ಮರಿಬ್ಯಾಡ" ಎಂದಳು.

ಶನಿವಾರ ಅಧ್ಯಕ್ಷೆಯೇ ಫೋನು ಮಾಡಿದರು. ಈರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಮಗಳ ಮುಖವನ್ನೇ ನೋಡುತ್ತ ನಿಂತಳು. ಇಂಗ್ಲಿಷ್ ಮಾತು ತಿಳಿಯಲಿಲ್ಲ, ಮಗಳ ಕಣ್ಣು ತುಂಬಿದ್ದು ತಿಳಿಯಿತು. ಆಗಲಿಲ್ಲ ಅಂತಲೇ ಅಂದುಕೊಂಡಳು.

"ಏನಂದ್ರವ್ವ?"

"ಎಲ್ಲಾರ್ನೂ ಕೇಳಿದ್ರಂತ ಅವ್ವ. ಸುಮಂಗಲಾಂದು ಅಂದ್ರ ನಾವು ಬರ್ತೀವಿ ಅಂದಾರಂತ, ಒಬ್ರೂ ತಪ್ಪಿಲ್ಲ. ಫೆಲೋಶಿಪ್ ನನಗ ಕೊಟ್ರು. ಸೋಮವಾರನ ಹೊರಟು ಬಾ ಅಂದ್ರು."

"ನೀ ಏನಂದಿ?"

"ಒಬ್ಬರ ಮುಯ್ಯಿ ಉಳದೈತಿ, ತೀರಿಸಿ ಮಂಗಳವಾರ ಹೊರಡ್ತೀನಿ ಅಂದೆ."

ಈರಮ್ಮ ಹಿಟ್ಟಿನ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಗಿಲಿಗೆ ಹೋಗಿ, ಇಡೀ ಓಣಿಗೆ ಕೇಳುವ ಹಾಗೆ ಪಕ್ಕದ ಮನೆಗೆ ಕೂಗಿ ಹೇಳಿದಳು.

"ದೊಡ್ಡಬಸಮ್ಮ, ಸೋಮವಾರ ನನ್ನ ಮಗಳು ನಿನ್ನ ಗದ್ದಿಗಿ ಬರ್ತಾಳ. ವಿಶ್ವವಿದ್ಯಾಲಯದವ್ರು ಒಂದಿನ ಕಾಯ್ತಾರಂತ."