ಹುಟ್ಟುಹಬ್ಬಕ್ಕೊಂದು ಕಪ್ಪುಬಿಳುಪು ಫ್ಲೆಕ್ಸ್

2023ರಲ್ಲಿ ನಾನು ಗೌರಿಬಿದನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಿಷುಯಲ್ ಡಿಸೈನ್ ಮತ್ತು ಡಿಜಿಟಲ್ ಆರ್ಟ್ ಕಲಿಸುವ ಉಪನ್ಯಾಸಕಿಯಾಗಿದ್ದೆ. ಪಠ್ಯದಲ್ಲಿ ಕಾಪಿರೈಟ್ ಕುರಿತ ಒಂದು ಘಟಕವೂ ಇತ್ತು. ಒಬ್ಬರು ಬಿಡಿಸಿದ ಚಿತ್ರ, ತೆಗೆದ ಫೋಟೋದ ಮೇಲೆ ಅವರಿಗೇ ಇರುವ ಹಕ್ಕು ಅದು; ಕೇಳದೆ ಬಳಸುವಂತಿಲ್ಲ. ಹೇಳುವುದು ಸುಲಭ. ಆದರೆ ನಮ್ಮ ಮಕ್ಕಳು ಗೇಟು ದಾಟಿದರೆ ಕಾಣುವುದೆಲ್ಲ ಫ್ಲೆಕ್ಸ್: ಗೂಗಲ್‌ನಿಂದ ಎತ್ತಿದ ಸಿಂಹ, ಯಾರೋ ತೆಗೆದ ಸೂರ್ಯೋದಯ, ನಡುವೆ ನಾಯಕರ ಮುಖ, ಕೆಳಗೆ ಸಾಲುಸಾಲಾಗಿ ಶುಭಕೋರುವವರ ಪುಟ್ಟ ಮುಖಗಳು. ಅವನ್ನೇ ತೋರಿಸಿ ನಾನು ಪಾಠ ಮಾಡುತ್ತಿದ್ದೆ. ಹೀಗೆ ತುಂಬಬೇಡಿ, ಕದಿಯಬೇಡಿ. ನೀವೇ ಬಿಡಿಸಿ, ಬಿಡಿಸಿದ್ದಕ್ಕೆ ಹೆಸರು ಹಾಕಿ.

ಎರಡನೇ ವರ್ಷದ ಭಾರ್ಗವಿ ಇದನ್ನೆಲ್ಲ ಪೂರ್ತಿ ನಂಬಿದ್ದಳು. ತಂದೆ ಆಟೋ ಓಡಿಸುವವರು. ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಓದು ಹೇಗಾಗುತ್ತದೆ ಎಂಬ ಅನುಮಾನ ಅವರಿಗೆ ಮೊದಲಿನಿಂದಲೂ ಇತ್ತು.

ಆ ವರ್ಷ ವಿದುರಾಶ್ವತ್ಥದ ರಸ್ತೆಯ ಒಂದು ಹಳ್ಳಿಯ ಮಾಜಿ ಪಂಚಾಯಿತಿ ಅಧ್ಯಕ್ಷ ಗಂಗಾಧರಪ್ಪನವರ ಹುಟ್ಟುಹಬ್ಬ ಬಂತು. ಅವರ ತಮ್ಮ ಶಿವಣ್ಣ ಕಾಲೇಜಿಗೆ ಬಂದು, "ಅಂಗಡಿಯವ್ರು ಮಾಡೋದು ನೋಡಿ ನೋಡಿ ಸಾಕಾಗಿದೆ ಮೇಡಂ. ನಿಮ್ಮ ಮಕ್ಕಳ ಕೈಲಿ ಏನಾದ್ರೂ ಡಿಫರೆಂಟಾಗಿ ಮಾಡಿಸ್ಕೊಡಿ" ಎಂದರು. ತರಗತಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು ಎಂದುಕೊಂಡು ಭಾರ್ಗವಿಗೆ ಒಪ್ಪಿಸಿದೆ.

ಅವಳು ಅನುಮತಿ ಕೇಳಿ ಗಂಗಾಧರಪ್ಪನವರ ಫೋಟೋ ತಾನೇ ತೆಗೆದಳು. ಅದನ್ನು ಕಪ್ಪುಬಿಳುಪು ಮಾಡಿದಳು, ಮುಖ ಎದ್ದು ಕಾಣಲೆಂದು. ಸುತ್ತ ಬರೀ ಬಿಳಿ ಜಾಗ ಬಿಟ್ಟಳು. ನೆಗೆಟಿವ್ ಸ್ಪೇಸ್ ಎನ್ನುವ ಈ ಖಾಲಿ ಜಾಗ ಕಣ್ಣನ್ನು ನೇರ ಮುಖ್ಯ ವಸ್ತುವಿನತ್ತ ಒಯ್ಯುತ್ತದೆ. ಯಾರ ಹೂವನ್ನೂ ಕದಿಯದೆ ಚೆಂಡುಹೂವಿನ ಹಾರವೊಂದನ್ನು ತಾನೇ ಬಿಡಿಸಿ ಚಿತ್ರದ ಚೌಕಟ್ಟಿಗೆ ಇಳಿಬಿಟ್ಟಳು. ಕೆಳಗೆ ಸಣ್ಣ ಅಕ್ಷರದಲ್ಲಿ 'ಜನ್ಮದಿನದ ಶುಭಾಶಯ'. ಮೂಲೆಯಲ್ಲಿ ಅವಳ ಹೆಸರು, ನಮ್ಮ ವಿಭಾಗದ ಹೆಸರು. ನಾನು ಪರದೆಯ ಮೇಲೆ ನೋಡಿ ಪೂರ್ಣ ಅಂಕ ಕೊಟ್ಟೆ. ಶಿವಣ್ಣ ವಾಟ್ಸಾಪ್‌ನಲ್ಲಿ ನೋಡಿ 'ಸೂಪರ್' ಎಂದರು, ಪ್ರಿಂಟ್ ಹಾಕಿಸಿ ರಸ್ತೆ ಬದಿಯಲ್ಲಿ ಕಟ್ಟಿಸಿದರು.

ಹುಟ್ಟುಹಬ್ಬದ ಬೆಳಿಗ್ಗೆ ಲ್ಯಾಬಿನ ಕಿಟಕಿಗೆ ಕಲ್ಲು ಬಿತ್ತು. ಗಾಜು ಕೀಬೋರ್ಡುಗಳ ಮೇಲೆಲ್ಲ ಚೆಲ್ಲಿತು. ಹಿಂದೆಯೇ ಶಿವಣ್ಣ ಹತ್ತಾರು ಹುಡುಗರ ಜೊತೆ ಒಳಗೆ ನುಗ್ಗಿದರು.

"ಯಾವಳಮ್ಮ ಭಾರ್ಗವಿ? ಬದುಕಿರೋ ನಮ್ಮಣ್ಣನ್ನ ಸಾಯಿಸಿಬಿಟ್ಯಲ್ಲ! ಬಸ್ಸಲ್ಲಿ ಹೋಗೋರೆಲ್ಲ ನೋಡ್ಕೊಂಡು ಮನೆಗೆ ಹಾರ ತರ್ತಾವ್ರೆ!"

ಆಗ ನನಗೆ ಆ ಫ್ಲೆಕ್ಸ್ ಮೊದಲ ಸಲ ಊರಿನವರ ಕಣ್ಣಿನಲ್ಲಿ ಕಂಡಿತು. ಒಂಟಿ ಮುಖ, ಬಣ್ಣವಿಲ್ಲ, ಪಟಕ್ಕೆ ಹಾರ. ಓಡುವ ಬಸ್ಸಿನಿಂದ ಆ ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ? ನಮ್ಮೂರಿನಲ್ಲಿ ಅದು ಶ್ರದ್ಧಾಂಜಲಿಯೇ.

ಭಾರ್ಗವಿ ಎದ್ದು ನಿಂತಳು. "ನಾನೇ ಅಣ್ಣ. ಆದ್ರೆ ನಿಮಗೆ ಮೊದಲೇ ಕಳಿಸಿದ್ದೆ, ನೀವೇ ಸೂಪರ್ ಅಂದ್ರಿ."

ಅವಳು ಹೇಳಿದ್ದು ನಿಜ. ಆ ಹೊತ್ತಿಗೆ ಅದಕ್ಕಿಂತ ಅಪಾಯದ ಮಾತು ಇನ್ನೊಂದಿರಲಿಲ್ಲ. ಹುಡುಗರಲ್ಲೊಬ್ಬ ಕಿಸಕ್ಕನೆ ನಕ್ಕ. ಶಿವಣ್ಣನ ಮುಖ ಕೆಂಪೇರಿತು. "ನಡಿಯಮ್ಮ ಮನೆಗೆ. ಅಣ್ಣನ ಮುಂದೆ ನಿಂತು ಹೇಳು" ಎಂದು ಅವಳ ಬ್ಯಾಗಿಗೆ ಕೈಹಾಕಿದರು. ನಾನು ನಡುವೆ ನಿಂತೆ. "ಒಬ್ಬಳನ್ನೇ ಕಳಿಸಲ್ಲ, ನಾನೂ ಬರ್ತೀನಿ" ಎಂದೆ.

ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಏಕೆ ಮಾಡಲಿಲ್ಲ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಶಿವಣ್ಣನ ಜೀಪಿಗೆ ನಾವಿಬ್ಬರೂ ಹತ್ತಿದ ಮೇಲೆ ಬಾಗಿಲಿಗೆ ಲಾಕ್ ಬಿದ್ದ ಆ 'ಟಕ್' ಸದ್ದು ನಿದ್ದೆಯಲ್ಲೂ ಕೇಳಿಸಿದ್ದುಂಟು. ಹಿಂದೆ ಮುಂದೆ ಬೈಕುಗಳು. ಭಾರ್ಗವಿ ನನ್ನ ಸೆರಗು ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಅಪ್ಪಂಗೆ ಗೊತ್ತಾದ್ರೆ ನಾಳೆಯಿಂದ ಕಾಲೇಜಿಲ್ಲ ಮೇಡಂ."

ಮನೆಯ ಮುಂದೆ ಜನವೋ ಜನ. ಹಿಂದೂಪುರದ ಕಡೆಯ ನೆಂಟರೊಬ್ಬರು ಆಟೋದಿಂದ ಅಳುತ್ತಲೇ ಇಳಿದು, ಜಗಲಿಯ ಮೇಲೆ ಹೊಸ ಪಂಚೆಯುಟ್ಟು ಕೂತಿದ್ದ ಗಂಗಾಧರಪ್ಪನವರನ್ನು ಕಂಡು ಹಾಗೇ ನಿಂತುಬಿಟ್ಟರು. ಅವರ ಕೈಯಲ್ಲಿದ್ದ ಹಾರವನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ನಮ್ಮನ್ನು ನೋಡಿದ ಗುಂಪು ಸುತ್ತುಗಟ್ಟಿತು. ಯಾರೋ ನನ್ನ ಲ್ಯಾಪ್‌ಟಾಪ್ ಬ್ಯಾಗ್ ಜಗ್ಗಿದರು.

"ಬಿಡ್ರೋ, ದಾರಿ ಬಿಡ್ರೋ!"

ಗಂಗಾಧರಪ್ಪನವರ ತಾಯಿ ನರಸಮ್ಮನವರ ಧ್ವನಿ ಅದು. ಕೋಲೂರಿಕೊಂಡು ಬಂದು ಭಾರ್ಗವಿಯನ್ನು ಮೇಲಿಂದ ಕೆಳಗೆ ನೋಡಿದರು. "ಈ ಪಾಪನಾ? ಇವಳಿಗಾ ಇಷ್ಟು ಜನ?" ಎಂದು ಜಗಲಿಯ ಮೇಲಿದ್ದ ಮಗನತ್ತ ತಿರುಗಿದರು. "ಕಾಗೆ ತಲೆಗೆ ಬಡಿದ್ರೆ ಏನ್ ಮಾಡ್ತೀವೋ ನಾಯ್ನಾ? ಸತ್ತ ಅಂತ ನಾವೇ ಸುಳ್ ಸುದ್ದಿ ಕಳಿಸಲ್ವಾ? ನೆಂಟರು ಅತ್ರೆ ಕಂಟಕ ಕಳೀತದೆ, ಆಯಸ್ಸು ಗಟ್ಟಿಯಾಗ್ತದೆ ಅಂತ. ಈ ಕೂಸು ಪುಕ್ಸಟ್ಟೆ ಮಾಡ್ಕೊಟ್ಟೈತೆ. ಹಿಂದೂಪುರದೋರೂ ಅತ್ತಾಯ್ತು!"

ಹಾರ ಹಿಡಿದಿದ್ದ ನೆಂಟರೇ ಮೊದಲು ನಕ್ಕರು. ಗಂಗಾಧರಪ್ಪನವರ ಹೊಟ್ಟೆ ಕುಲುಕಾಡಿತು. "ಶಿವಾ, ನೀನು ಸೂಪರ್ ಅಂದಿದ್ಯಂತಲ್ಲೋ?" ಎಂದರು. ನಾನು ಜಗಲಿಯ ಮೇಲೆಯೇ ಕೂತೆ. ಯಾರೋ ಮಜ್ಜಿಗೆ ತಂದುಕೊಟ್ಟರು.

ಫ್ಲೆಕ್ಸ್ ತಿದ್ದಿಕೊಡಲು ಭಾರ್ಗವಿ ಅಲ್ಲೇ ನನ್ನ ಲ್ಯಾಪ್‌ಟಾಪ್ ತೆರೆದಳು. ಪಕ್ಕದಲ್ಲಿ ನರಸಮ್ಮ. "ಮೊದ್ಲು ಬಣ್ಣ ಕೊಡಮ್ಮ ನನ್ನ ಮಗನಿಗೆ. ಆ ಹಾರ ಪಟಕ್ಕೆ ಬೇಡ, ಕುತ್ತಿಗೆಗೆ ಹಾಕು. ಪಕ್ಕದಲ್ಲಿ ನಾಲ್ಕು ಜನ ಇರ್ಲಿ, ಸತ್ತೋನೇ ಒಬ್ಬನೇ ಇರೋದು." ಶಿವಣ್ಣ ಹಿಂದೆ ನಿಂತು, ಸ್ವಲ್ಪ ಸಂಕೋಚದಿಂದಲೇ, "ಹೆಸರು ತೆಗೆದ್ಬಿಡಮ್ಮ, ಯಾಕೆ ಸುಮ್ನೆ ತಂಟೆ" ಎಂದರು. ಅವಳು ನನ್ನತ್ತ ನೋಡಿದಳು. ಅವಳನ್ನು ಇಲ್ಲಿಯವರೆಗೆ ಎಳೆತಂದದ್ದೇ ಆ ಹೆಸರು. ಅವಳು ಒಂದಿಷ್ಟು ಯೋಚಿಸಿ, "ತಪ್ಪಾದಾಗ ಹೆಸರಿತ್ತು ಅಣ್ಣ, ಸರಿ ಮಾಡಿದಾಗ್ಲೂ ಇರ್ಲಿ" ಎಂದಳು.

ನಾನು ಕಲಿಸುತ್ತಿದ್ದುದು ಅರ್ಧ ಪಾಠ ಎಂದು ತಿಳಿದದ್ದು ಆಗ. ಹೆಸರು ಹಾಕುವುದು ಹಕ್ಕು ಎಂದಷ್ಟೇ ಹೇಳುತ್ತಿದ್ದೆ. ಕೇಳಲು ಬಂದವರಿಗೆ ಉತ್ತರ ಕೊಡುವ ಹೊಣೆಯೂ ಅದರ ಜೊತೆಗೇ ಇದೆ. ಚಿತ್ರದ ಅರ್ಥ ಪುಸ್ತಕದ ನಿಯಮದಲ್ಲಿರುವುದಿಲ್ಲ, ನೋಡುವವರ ರೂಢಿಯಲ್ಲಿರುತ್ತದೆ. ಈಗ ನಮ್ಮ ಮಕ್ಕಳು ಯಾವುದನ್ನೇ ಪ್ರಿಂಟಿಗೆ ಕೊಡುವ ಮುನ್ನ ಮನೆಯವರಿಗೆ ತೋರಿಸಿ, 'ಇದು ಏನು ಹೇಳ್ತಿದೆ?' ಎಂದು ಕೇಳಿಬರಬೇಕು.

ಮರುದಿನ ಭಾರ್ಗವಿ ಬರುತ್ತಾಳೋ ಇಲ್ಲವೋ ಎಂದು ಗೇಟಿನ ಬಳಿಯೇ ಕಾದಿದ್ದೆ. ಅವಳನ್ನು ಇಳಿಸಿದ್ದು ತಂದೆಯ ಆಟೋ.

"ಅಪ್ಪ ಏನಂದ್ರಮ್ಮ?"

"ಏನೂ ಅನ್ಲಿಲ್ಲ ಮೇಡಂ. ಹೊಸ ಫ್ಲೆಕ್ಸ್ ಹತ್ರ ಆಟೋ ನಿಲ್ಲಿಸಿ ನನ್ನ ಹೆಸರಿನ ಫೋಟೋ ತಕ್ಕೊಂಡ್ರು" ಎಂದು ನಕ್ಕಳು. "ಆ ಫೋಟೋದಲ್ಲಿ ಗಂಗಾಧರಪ್ಪನವ್ರು ಬಂದೇ ಇಲ್ಲ."